ಮಡಿಕೊಳಕ್ಕೆ ಮೂರು ಕೊಡ ನೀರು

ತನ್ಹೂಮ ಹುಟ್ಟಿದ್ದು ಉಪ್ಪುಸಮುದ್ರದ ದಂಡೆಯಲ್ಲಿ. ಅಲ್ಲಿ ಹುಟ್ಟಿದವರಿಗೆ ದೇವರು ಕೊಟ್ಟ ಸರಕು ಎರಡೇ: ಉಪ್ಪು ಮತ್ತು ಡಾಂಬರು. ಉಪ್ಪನ್ನು ಯಾರು ಬೇಕಾದರೂ ಕೆರೆದುಕೊಳ್ಳಬಹುದು, ಹಾಗಾಗಿ ಅದಕ್ಕೆ ಬೆಲೆಯಿಲ್ಲ. ಡಾಂಬರು ಹಾಗಲ್ಲ. ಅದು ತನಗೆ ಮನಸ್ಸು ಬಂದಾಗ ಮಾತ್ರ ಸಮುದ್ರದ ತಳ ಬಿಟ್ಟು, ಮಗುಚಿದ ದೋಣಿಯ ಹಾಗೆ ಮೇಲೆದ್ದು ತೇಲುತ್ತದೆ. ಜೊಂಡಿನ ತೆಪ್ಪದಲ್ಲಿ ಹೋಗಿ ಕೊಡಲಿಯಿಂದ ಕಡಿದು ತರಬೇಕು. ತನ್ಹೂಮನ ಅಪ್ಪ ಅದನ್ನೇ ಮಾಡಿದ, ತನ್ಹೂಮನೂ ಅದನ್ನೇ ಮಾಡಿದ. ಕಾಯಿಸಿ ಬುಟ್ಟಿಗೆ ಬಳಿದರೆ ಬುಟ್ಟಿಯಲ್ಲಿ ನೀರು ನಿಲ್ಲುತ್ತದೆ, ದೋಣಿಗೆ ಬಳಿದರೆ ದೋಣಿಯೊಳಗೆ ನೀರು ಬರುವುದಿಲ್ಲ. ಒಳಗಿನದು ಒಳಗೆ, ಹೊರಗಿನದು ಹೊರಗೆ. ಅವನ ಕಸುಬು ಇಷ್ಟೇ.

ಎಂಟು ಪಾಲು ಡಾಂಬರಿಗೆ ಒಂದು ಪಾಲು ಮರಳು ಬೆರೆಸುವುದನ್ನೂ ಅಪ್ಪನೇ ಕಲಿಸಿದ್ದ. ಇದರಲ್ಲಿ ಮೋಸವೇನಿಲ್ಲ, ಬಿಸಿಲಿಗೆ ಕರಗದೆ ಗಟ್ಟಿಯಾಗಿರಲಿ ಎಂದು ಹಾಕುವುದು ಎಂದು ತನ್ಹೂಮ ಕೇಳಿದವರಿಗೆ ಹೇಳುತ್ತಿದ್ದ. ಕೇಳದವರಿಗೆ ಹೇಳುತ್ತಿರಲಿಲ್ಲ.

ಹೆಂಡತಿ ಜ್ವರದಲ್ಲಿ ತೀರಿಕೊಂಡಾಗ ಮಗಳು ಶಪ್ಪೀರಾಳಿಗೆ ಆರು ವರ್ಷ. ಅವಳನ್ನು ಒಂದು ಕತ್ತೆಯ ಮೇಲೆ, ಸರಕನ್ನು ಇನ್ನೊಂದು ಕತ್ತೆಯ ಮೇಲೆ ಕೂರಿಸಿಕೊಂಡು ಯೆರಿಕೋ ಸಂತೆಗೂ ಸಮುದ್ರಕ್ಕೂ ನಡುವೆ ಹನ್ನೆರಡು ವರ್ಷ ಓಡಾಡಿದ. ಹುಡುಗಿ ಗಡ್ಡೆಯನ್ನು ಅಂಗೈಯಲ್ಲಿ ಎತ್ತಿ ಇಷ್ಟೇ ತೂಕ ಎಂದು ಹೇಳುವಷ್ಟು ಪಳಗಿದಳು. ಅಪ್ಪನ ತಕ್ಕಡಿಗಿಂತ ಮಗಳ ಕೈ ನಿಜ ಎಂದು ಗಿರಾಕಿಗಳು ಹೇಳುತ್ತಿದ್ದರು. ಅದು ಹೊಗಳಿಕೆಯೋ ದೂರೋ ಎಂದು ತನ್ಹೂಮ ವಿಚಾರಿಸಲು ಹೋಗಲಿಲ್ಲ.

ಅವನು ರೋಮಿನ ಮೇಲೆ ಯುದ್ಧ ಮಾಡಲು ಮಸಾದದ ಬೆಟ್ಟ ಹತ್ತಿದವನಲ್ಲ. ಜೆರುಸಲೇಮಿನ ದೇವಾಲಯ ಸುಟ್ಟು ಬೂದಿಯಾಗಿ ಮೂರು ವರ್ಷವಾಗಿತ್ತು. ದೇಶವೆಲ್ಲ ತಲೆ ಬಾಗಿಸಿತ್ತು. ಆ ಬೆಟ್ಟದ ಮೇಲೆ ಮಾತ್ರ, ಹಳೆಯ ರಾಜನೊಬ್ಬ ಕಟ್ಟಿಸಿ ಬಿಟ್ಟುಹೋದ ಕೋಟೆಯಲ್ಲಿ, ಸಾವಿರಕ್ಕೆ ಹತ್ತಿರದ ಜನ ಹೆಂಡತಿ ಮಕ್ಕಳ ಸಮೇತ ಉಳಿದಿದ್ದರು. ರೋಮಿಗೆ ಕಂದಾಯ ಕೊಡುವುದಿಲ್ಲ, ದೇವರೊಬ್ಬನ ಹೊರತು ನಮಗೆ ಒಡೆಯನಿಲ್ಲ ಎಂಬುದು ಅವರ ಹಠ. ಹಠ ಹಿಡಿದವರು ಚೌಕಾಸಿ ಮಾಡುವುದಿಲ್ಲ ಎಂಬುದು ವ್ಯಾಪಾರಿಗಳ ಅನುಭವ. ಹಾಗಾಗಿ ತನ್ಹೂಮ ಎರಡು ಕತ್ತೆ, ನಲವತ್ತು ಗಡ್ಡೆ ಡಾಂಬರು, ಒಂದಷ್ಟು ಬಳಿದ ಬುಟ್ಟಿ ಮತ್ತು ಮಗಳೊಂದಿಗೆ ಹಾವಿನ ಹಾಗೆ ಸುತ್ತುವ ಕಾಲುದಾರಿಯಲ್ಲಿ ಮೇಲೇರಿದ. ಮೂರು ದಿನದ ವ್ಯಾಪಾರ ಎಂದು ಲೆಕ್ಕ. ಎರಡನೇ ದಿನ ರೋಮಿನ ದಂಡು ಬಂದು ಕೆಳಗೆ ಬಿಡಾರ ಹೂಡಿತು. ತಿಂಗಳೊಳಗೆ ಎಂಟು ಬಿಡಾರಗಳಾದವು, ಅವನ್ನೆಲ್ಲ ಪೋಣಿಸಿ ಬೆಟ್ಟದ ಸುತ್ತ ಒಂದು ಕಲ್ಲಿನ ಗೋಡೆಯೂ ಎದ್ದಿತು. ಇಲಿ ನುಸುಳುವಷ್ಟು ಸಂದಿಯೂ ಉಳಿಯಲಿಲ್ಲ.

“ಇವರಿಗೇನು ಬೇರೆ ಕೆಲಸ ಇಲ್ವಾ?” ಎಂದು ತನ್ಹೂಮ ಕೋಟೆಗೋಡೆಯ ಮೇಲಿಂದ ಬಗ್ಗಿ ನೋಡುತ್ತ ಕೇಳಿದ್ದನಂತೆ.

ಪಕ್ಕದಲ್ಲಿ ನಿಂತಿದ್ದ ಸೂಲಗಿತ್ತಿ ತಾಬಿತಜ್ಜಿ, ಬೆಟ್ಟದ ಮೇಲೆ ಯಾರಿಗೂ ಹೆದರದ ಮುದುಕಿ, “ಇದೇ ಅವರ ಕೆಲಸ ಕಣಪ್ಪ. ನೀನು ಡಾಂಬರು ಮಾರ್ತೀಯ, ಅವರು ಊರು ಸುಡ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಕಸುಬು” ಅಂದಳು.

ಮೇಲೆ ಹಸಿವಿರಲಿಲ್ಲ. ಹಳೆಯ ರಾಜನ ಉಗ್ರಾಣಗಳಲ್ಲಿ ಗೋಧಿ, ಎಣ್ಣೆ, ಖರ್ಜೂರ ನೂರು ವರ್ಷವಾದರೂ ಕೆಡದೆ ಉಳಿದಿದ್ದವು. ಬಂಡೆ ಕೊರೆದ ತೊಟ್ಟಿಗಳಲ್ಲಿ ಕುಡಿಯುವ ನೀರು ಬೇಕಾದಷ್ಟಿತ್ತು. ಕೋಟೆಗೋಡೆಯೊಳಗಿನ ಸಣ್ಣ ಕೋಣೆಗಳಲ್ಲಿ ಸಂಸಾರಗಳು, ಬಾಗಿಲಲ್ಲಿ ಮಣ್ಣಿನ ಒಲೆ, ಒಲೆಯ ಮುಂದೆ ಜಗಳ. ಎರಡು ವಾರದಲ್ಲಿ ಒಂದು ಬುಟ್ಟಿ ಬಿಟ್ಟು ತನ್ಹೂಮನ ಸರಕೆಲ್ಲ ಖರ್ಚಾಯಿತು. ಒಂದು ತಿಂಗಳಲ್ಲಿ ಮಗಳೂ ಒಬ್ಬ ಹುಡುಗನಿಗೆ ಮನಸೋತು ಕೈಬಿಟ್ಟುಹೋದಳು.

ಹುಡುಗನ ಹೆಸರು ಯಾಕೀಮ. ಕೋಟೆಯಿಂದ ಕೆಳಕ್ಕೆ ಉರುಳಿಸುವ ಕಲ್ಲುಗಳನ್ನು ಗುಂಡಗೆ ಕೆತ್ತುವುದು ಅವನ ಕೆಲಸ. ಜೆರುಸಲೇಮಿನಲ್ಲಿ ಅಪ್ಪ, ಅಮ್ಮ, ಇಬ್ಬರು ಅಕ್ಕಂದಿರನ್ನು ಕಳೆದುಕೊಂಡು ಬಂದವನು, ಮಾತು ಕಮ್ಮಿ. ಶಪ್ಪೀರಾ ಅವನು ಕೆತ್ತಿದ ಕಲ್ಲೊಂದನ್ನು ಅಂಗೈಯಲ್ಲಿ ತೂಗಿ ನೋಡಿ, ಇನ್ನೊಂದನ್ನು ತೂಗಿ ನೋಡಿ, “ಎರಡೂ ಒಂದೇ ತೂಕ ಇದೆಯಲ್ಲ” ಅಂದಳು. ಅವನು “ಇರಬೇಕು” ಅಂದ. ಅವರ ಮಧ್ಯೆ ನಡೆದ ಪ್ರೇಮಸಲ್ಲಾಪ ಇಷ್ಟೇ ಎಂದು ತಾಬಿತಜ್ಜಿ ಊರೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಮದುವೆಗೆ ತನ್ಹೂಮ ಒಪ್ಪಿದ. ಒಪ್ಪಿದ್ದಲ್ಲ, ಅವಸರಪಟ್ಟ. ಕಾರಣ ಬೆಟ್ಟದ ಪಡುವಣ ಮಗ್ಗುಲಲ್ಲಿ ಕಾಣುತ್ತಿತ್ತು. ಅಲ್ಲಿ ರೋಮಿನವರು ಬಿಳಿಮಣ್ಣು, ಕಲ್ಲು, ಮರದ ದಿಮ್ಮಿ ಪೇರಿಸಿ ಒಂದು ಏರು ಕಟ್ಟುತ್ತಿದ್ದರು. ದಿನ ಬೆಳಗಾದರೆ ಅದು ಒಂದಷ್ಟು ಮೇಲೆ ಬಂದಿರುತ್ತಿತ್ತು. ಏರು ಕೋಟೆಗೋಡೆ ಮುಟ್ಟಿದ ದಿನ ಎಲ್ಲ ಮುಗಿದಂತೆ. ತನ್ಹೂಮ ರಾಶಿ ನೋಡಿ ಮೂಟೆ ಎಷ್ಟೆಂದು ಹೇಳುವವನು. ಪ್ರತಿದಿನ ಬಗ್ಗಿ ನೋಡಿ, ಇನ್ನು ಮೂವತ್ತು ದಿನ, ಇನ್ನು ಇಪ್ಪತ್ತೈದು ದಿನ ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದ. ಬದುಕಿನಲ್ಲಿ ಅವನಿಗೆ ಉಳಿದಿದ್ದ ಆಸೆ ಒಂದೇ: ಅಷ್ಟರೊಳಗೆ ಮಗಳು ಒಂದು ಮನೆಯ ಹೊಸ್ತಿಲು ತುಳಿಯಬೇಕು. ನಾಲ್ಕು ದಿನದ ಮಟ್ಟಿಗಾದರೂ ಸರಿ.

ಅಡ್ಡ ಬಂದದ್ದು ಮಡಿಕೊಳ.

ಮದುವೆಯ ಮುಂಚೆ ಹೆಣ್ಣು ಮಡಿಕೊಳದಲ್ಲಿ ಮುಳುಗಿ ಏಳಬೇಕು. ಕೊಳದಲ್ಲಿ ನಲವತ್ತು ಕೊಳಗ ನೀರಿರಬೇಕು, ಅದೂ ಮುಗಿಲಿನಿಂದ ಬಿದ್ದು ತಾನಾಗಿ ಹರಿದು ಬಂದ ನೀರು. ಕೊಡದಲ್ಲಿ ಹೊತ್ತು ತಂದು ಸುರಿದದ್ದು ಆಗದು. ಅಳತೆ ತುಂಬುವ ಮೊದಲು ಕೊಡದ ನೀರು ಮೂರು ಸೇರು ಬಿದ್ದರೆ ಸಾಕು, ಇಡೀ ಕೊಳ ಕೆಟ್ಟ ಹಾಗೆ. ಆ ಚಳಿಗಾಲ ಮಳೆ ಸರಿಯಾಗಿ ಬಂದಿರಲಿಲ್ಲ. ಇದ್ದ ನೀರೂ ರೋಮಿನ ಕವಣೆಯಂತ್ರದ ಕಲ್ಲೊಂದು ಬಿದ್ದು ಕೊಳದ ಗಾರೆ ಬಿರುಕು ಬಿಟ್ಟಾಗ ಒಂದಷ್ಟು ಸೋರಿಹೋಗಿತ್ತು. ತನ್ಹೂಮನ ಡಾಂಬರು ಹಾಕಿ ಬಿರುಕು ಮುಚ್ಚಿದರು. ಸೋರುವುದು ನಿಂತಿತು, ಸೋರಿಹೋದದ್ದು ಹಿಂದಕ್ಕೆ ಬರಲಿಲ್ಲ. ಕೊಳದ ಉಸ್ತುವಾರಿ ನೋಡುವ ಮುದುಕ ಯಾಜಕ ಹಿಲ್ಕೀಯ ಪ್ರತಿದಿನ ಅಳತೆಗೋಲು ಇಳಿಸಿ, “ನಾಲ್ಕು ಬೆರಳು ಕಮ್ಮಿ” ಅನ್ನುವನು. ಎರಡು ತಿಂಗಳಿಂದ ಯಾವ ಹೆಂಗಸೂ ಅದರಲ್ಲಿ ಇಳಿದಿರಲಿಲ್ಲ.

“ಗುರುಗಳೇ, ನಾಲ್ಕೇ ನಾಲ್ಕು ಬೆರಳು” ಎಂದು ತನ್ಹೂಮ ಒಂದು ದಿನ ಮೆಲ್ಲಗೆ ಕೇಳಿದ. “ಯುದ್ಧಕಾಲ. ಸ್ವಲ್ಪ ನೋಡಿಕೊಂಡು...”

“ನಾಲ್ಕು ಬೆರಳು ಕಮ್ಮಿ ಇರೋ ಗೋಡೆ ಕಟ್ಟಿದ್ರೆ ರೋಮಿನವನು ನೋಡಿಕೊಂಡು ಬಿಡ್ತಾನಾ?” ಅಂದ ಹಿಲ್ಕೀಯ.

ತನ್ಹೂಮ ಮಗಳನ್ನು ಕೇಳಿದ. ಅವಳು, “ಅದಾಗದೆ ನಾನು ಅವನ ಕೋಣೆಗೆ ಕಾಲಿಡಲ್ಲಪ್ಪ. ಬಲವಂತ ಮಾಡಬೇಡ” ಅಂದಳು.

ಏರು ಇನ್ನು ಹನ್ನೆರಡು ದಿನದ ಕೆಲಸ ಎಂದು ಕಂಡ ಮಧ್ಯಾಹ್ನ, ಜನರೆಲ್ಲ ಪ್ರಾರ್ಥನೆಯ ಮನೆಯಲ್ಲಿದ್ದಾಗ, ತನ್ಹೂಮ ತೊಟ್ಟಿಯಿಂದ ಒಂದು ಕೊಡ ನೀರು ತಂದು ಮಡಿಕೊಳಕ್ಕೆ ಸುರಿದ. ಇನ್ನೊಂದು ಸುರಿದ. ಮೂರನೆಯದೂ ಸುರಿದ. ತೊಟ್ಟಿಯ ನೀರು ಕೂಡ ಮಳೆಯದೇ ತಾನೆ, ಅದೇ ಮುಗಿಲು, ಅದೇ ಬೆಟ್ಟ, ನಡುವೆ ಒಂದು ಕೊಡ ಬಂದಿದೆ ಅಷ್ಟೆ. ಬೆರಕೆ ಸರಕನ್ನು ಚೊಕ್ಕವೆಂದು ಮಾರಿದವನಿಗೆ ಚೊಕ್ಕ ನೀರನ್ನು ಚೊಕ್ಕವೆನ್ನುವುದು ಏನು ಮಹಾ. ಮೈಯೊರೆಸಿಕೊಂಡು ಹೋಗಿ ಪ್ರಾರ್ಥನೆಯ ಕೊನೆಯ ಸಾಲಿನಲ್ಲಿ ನಿಂತ.

ಮರುದಿನ ಹಿಲ್ಕೀಯ ಕೋಲು ಇಳಿಸಿದ, ಎತ್ತಿದ, ಮತ್ತೆ ಇಳಿಸಿದ. “ತುಂಬಿದೆ” ಅಂದ. ಬೆಳಗಿನ ಜಾವ ಮಂಜು ಬಿದ್ದಿತ್ತೆಂದು ಒಬ್ಬರು, ಮೊನ್ನೆಯ ತುಂತುರು ಮಾಡಿನ ಕಾಲುವೆಯಿಂದ ಮೆಲ್ಲಗೆ ಇಳಿದಿರಬೇಕೆಂದು ಇನ್ನೊಬ್ಬರು, ದೇವರ ಕೃಪೆ ಎಂದು ಮಿಕ್ಕವರು. ಗಳಿಗೆಯಲ್ಲಿ ಸುದ್ದಿ ಕೋಟೆಯೆಲ್ಲ ಹಬ್ಬಿತು. ಹೆಂಗಸರು ಬಂದರು, ಒಬ್ಬರಲ್ಲ ಇಬ್ಬರಲ್ಲ. ಎರಡು ತಿಂಗಳಿಂದ ಕಾಯುತ್ತಿದ್ದವರು, ಬಾಣಂತನ ಮುಗಿಸಿದವರು, ಮುಪ್ಪಾದವರು, ಎಲ್ಲರೂ ಒಗೆದ ಬಟ್ಟೆ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲಿನಿಂದ ಅಂಗಳದವರೆಗೆ ಸಾಲು ನಿಂತರು. ಸಾವು ಹನ್ನೊಂದು ದಿನದ ದೂರದಲ್ಲಿ ಮಣ್ಣು ಹೊರುತ್ತಿರುವಾಗ ಆ ಹೆಂಗಸರ ಮುಖದಲ್ಲಿ ಹಬ್ಬದ ಬೆಳಗಿನ ಕಳೆಯಿತ್ತು. ತನ್ಹೂಮ ನೋಡಿದ. ನೋಡಬಾರದಿತ್ತು ಅನ್ನಿಸಿತು.

ಸಾಲಿನ ಮೊದಲಿಗೆ ಮದುಮಗಳೆಂದು ಶಪ್ಪೀರಾಳನ್ನು ನಿಲ್ಲಿಸಿದ್ದರು. ಕೂದಲು ಬಿಚ್ಚಿದ್ದಳು. ಅಪ್ಪನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಅಂದಳು: “ಅಪ್ಪಾ, ನಂಗೆ ಈ ಬೆಟ್ಟದ ಜನ ಮೊದಲು ಹುಚ್ಚರು ಅನ್ನಿಸಿತ್ತು. ಈಗ ಹಾಗಿಲ್ಲ. ಗೋಧಿ ಸತ್ತ ರಾಜಂದು, ಗೋಡೆನೂ ಅವನದೇ, ಕೆಳಗಿರೋ ಭೂಮಿ ಎಲ್ಲ ರೋಮಿನವನದು. ಈ ಒಂದು ನೀರು ನೋಡು. ಯಾರ ಕೈಯೂ ಸೋಕಿಲ್ಲ ಇದಕ್ಕೆ. ಮೇಲಿಂದ ಸೀದಾ ಬಂದಿದೆ.”

ತನ್ಹೂಮ ಸುಮ್ಮನಿದ್ದರೆ ಆಗುವುದು ಏನೂ ಇರಲಿಲ್ಲ. ನೋಡಿದವರಿಲ್ಲ, ಕೇಳುವವರಿಲ್ಲ, ಮಗಳ ಮದುವೆ ಸಂಜೆಗೆ ಆಗಿಯೇ ಹೋಗುತ್ತಿತ್ತು. ಇಷ್ಟು ಸಲೀಸಾದ ವ್ಯಾಪಾರ ಅವನ ಜನ್ಮದಲ್ಲಿ ಕುದುರಿರಲಿಲ್ಲ. ಅವಳು ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಅವನು ಎದ್ದು ನಿಂತ.

“ಇಳೀಬೇಡ” ಅಂದ. ಆಮೇಲೆ ಹಿಲ್ಕೀಯನ ಕಡೆ ತಿರುಗಿ, “ಗುರುಗಳೇ, ಅದು ಮಂಜಲ್ಲ. ನಾನು ಹಾಕಿದ್ದು. ತೊಟ್ಟಿ ನೀರು” ಅಂದ.

ಮುದುಕ ಕೋಲನ್ನು ಮೆಟ್ಟಿಲ ಮೇಲಿಟ್ಟ. “ಎಷ್ಟು?”

“ಮೂರು ಕೊಡ.”

“ಕೆಡಿಸೋಕೆ ಮೂರು ಸೇರು ಸಾಕಾಗಿತ್ತಲ್ಲಪ್ಪ” ಅಂದ ಹಿಲ್ಕೀಯ. “ಧಾರಾಳದ ಕೈ ನಿಂದು.”

ತಾಬಿತಜ್ಜಿ ಸಾಲಿನ ನಡುವಿನಿಂದ, “ಜೀವನವಿಡೀ ಅಳತೆ ಕಮ್ಮಿ ಕೊಟ್ಟೋನು, ಒಂದೇ ಸಲ ಹೆಚ್ಚಿಗೆ ಹಾಕಿದಾನೆ. ಅದೂ ಎಲ್ಲಿ ಹಾಕಿದಾನೆ ನೋಡ್ರಮ್ಮಾ” ಅಂದಳು.

ಒಬ್ಬಳು ನಕ್ಕಳು, ಒಬ್ಬಳು ಅತ್ತಳು. ಬೈದವರು ಯಾರೂ ಇಲ್ಲ. ತನ್ಹೂಮ ಬೈಗುಳಕ್ಕೆ ತಯಾರಾಗಿದ್ದ, ಕಲ್ಲೇಟಿಗೂ ತಯಾರಾಗಿದ್ದ. ಮುಂದೆ ನಡೆದದ್ದಕ್ಕೆ ತಯಾರಾಗಿರಲಿಲ್ಲ. ಹೆಂಗಸರು ಒಗೆದ ಬಟ್ಟೆಯನ್ನು ಬದಿಗಿಟ್ಟು ಕೊಡ ತಂದರು. ಕೊಳದಿಂದ ಅಂಗಳಕ್ಕೆ ಸಾಲಾಗಿ ನಿಂತು, ಕೈಯಿಂದ ಕೈಗೆ, ಅಷ್ಟೂ ನೀರನ್ನು ಖಾಲಿ ಮಾಡಿದರು. ಏರಿನ ಎದುರು ಕೋಟೆಯೊಳಗೆ ಗಂಡಸರು ಮರ ಮತ್ತು ಮಣ್ಣಿನ ಎರಡನೇ ಗೋಡೆ ಕಟ್ಟುತ್ತಿದ್ದರು. ಆ ನೀರು ಅಲ್ಲಿಗೆ ಮಣ್ಣು ಕಲಸಲು ಹೋಯಿತು. ಕೊನೆಗೆ ತಳದ ಒದ್ದೆಯನ್ನು ತಾಬಿತಜ್ಜಿ ಬಟ್ಟೆಯಿಂದ ಒರೆಸಿದಳು. ಎರಡು ತಿಂಗಳು ಕಾಯ್ದ ಜನ, ಕಾಯಲು ದಿನವೇ ಉಳಿದಿರದ ಜನ, ಬೋಳು ಕೊಳದ ಮುಂದೆ ನಿಂತು ಮುಗಿಲು ನೋಡಿದರು. ಚೈತ್ರದ ಮುಗಿಲು. ಹಕ್ಕಿಯ ನೆರಳೂ ಇರಲಿಲ್ಲ.

ಎರಡು ದಿನ ಶಪ್ಪೀರಾ ಅಪ್ಪನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ, ಖರ್ಜೂರ ತಂದು ಮುಂದಿಟ್ಟಳು.

“ಯಾಕೀಮ ಏನಂದ?” ಎಂದು ತನ್ಹೂಮ ನೆಲ ನೋಡುತ್ತ ಕೇಳಿದ.

“ಕಾಯ್ತೀನಿ ಅಂದ.”

“ಅಷ್ಟೇನಾ?”

“ಅವನ ಲೆಕ್ಕಕ್ಕೆ ಅದೇ ಜಾಸ್ತಿ.” ರೊಟ್ಟಿ ಮುರಿದು ಕೊಡುತ್ತ, “ನೀನು ಹೇಳದೇ ಇದ್ದಿದ್ರೆ ಮದುವೆ ಆಗ್ತಿತ್ತು” ಅಂದಳು.

“ಆಗ್ತಿತ್ತು.”

“ಹೇಳಿದ್ದು ಒಳ್ಳೇದಾಯ್ತು. ತಿನ್ನು.”

ಏರು ಇನ್ನು ಆರು ದಿನ. ಐದು. ನಾಲ್ಕು. ರೋಮಿನವರ ಮಾತು ಈಗ ಗೋಡೆಯ ಮೇಲೆ ನಿಂತವರಿಗೆ ಕೇಳುತ್ತಿತ್ತು. ತನ್ಹೂಮ ಅಳೆಯುವುದನ್ನು ಬಿಟ್ಟುಬಿಟ್ಟ.

ಅದಾದ ಮರುದಿನ ಬೆಳಗ್ಗೆ ಪಡುವಣ ಗುಡ್ಡಗಳ ಹಿಂದಿನಿಂದ ಕಾಡಿಗೆ ಬಣ್ಣದ ಒಂದು ಮೋಡ ಎದ್ದಿತು. ಗಾಳಿ ಒಮ್ಮೆಲೇ ತಣ್ಣಗಾಯಿತು. ಕತ್ತೆಗಳು ಗೋಡೆಗೆ ಒತ್ತಿ ನಿಂತವು. ಮೊದಲು ದಪ್ಪ ದಪ್ಪ ಹನಿ, ಮಾಡಿನ ಕಾಲುವೆಯಲ್ಲಿ ನೀರು ಓಡಿ ಕೊಳಕ್ಕೆ ಬಿದ್ದ ಸದ್ದು. ಜನ ಕೋಣೆಗಳಿಂದ ಹೊರಗೆ ಬಂದು ನಿಂತಲ್ಲೇ ನಿಂತರು. ಇನ್ನೇನು ಎನ್ನುವಷ್ಟರಲ್ಲಿ ಮಳೆ ನಿಂತಿತು. ಕೊಳದಲ್ಲಿ ಮೊಣಕಾಲು ಮುಚ್ಚುವಷ್ಟು ನೀರು. ಯಾರೋ ಬಿಕ್ಕಿದರು. ಆ ಬಿಕ್ಕು ಮುಗಿಯುವ ಮೊದಲೇ ಆಲಿಕಲ್ಲು ಬಿತ್ತು.

ಆ ಸೀಮೆಯಲ್ಲಿ ಹುಟ್ಟಿ ಬೆಳೆದ ತನ್ಹೂಮ ಐವತ್ತು ವರ್ಷದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಕಡಲೆಗಾತ್ರದ್ದು, ಖರ್ಜೂರದ ಬೀಜದ ಗಾತ್ರದ್ದು, ಬಡಿದು, ಪುಟಿದು, ಕೋಟೆಯ ಉದ್ದಗಲಕ್ಕೂ ಉರುಳಿತು. ಕೆಳಗೆ ರೋಮಿನ ಗುರಾಣಿಗಳ ಮೇಲೆ ಅದು ಬಡಿಯುವ ಸದ್ದು ಸಾವಿರ ಕಂಚುಗಾರರು ಒಟ್ಟಿಗೆ ಕೆಲಸಕ್ಕೆ ಕೂತ ಹಾಗಿತ್ತು. ಏರಿನ ಮೇಲೆ ಒಬ್ಬನೂ ನಿಲ್ಲಲಿಲ್ಲ. ಬಂದ ಹಾಗೆಯೇ ಆಲಿಕಲ್ಲು ನಿಂತೂ ಹೋಯಿತು. ಮರಳುಗಾಡಿನ ಬೆಟ್ಟದ ನೆತ್ತಿ ಬಿಳುಪಾಗಿ ಹೊಳೆಯುತ್ತಿತ್ತು, ಆಕಾಶ ಕೆಳಗೆ ಇಳಿದು ಒಂದು ಗಳಿಗೆ ಕೂತ ಹಾಗೆ. ಸದ್ದೇ ಇರಲಿಲ್ಲ.

ಆ ಮೌನದಲ್ಲಿ ಹಿಲ್ಕೀಯನ ಕೀರಲು ದನಿ ಬಂತು: “ನೋಡ್ತಾ ನಿಂತ್ಕೊಂಡ್ರಲ್ಲ. ಆಲಿಕಲ್ಲು ಕೊಡದ ನೀರಲ್ಲ. ಸಮುದ್ರದ ಆಚೆ ದಂಡೆಯವರು ಬೆಟ್ಟದಿಂದ ಹಿಮ ಹೊತ್ತು ತಂದೇ ಮಡಿಕೊಳ ತುಂಬಿಸ್ತಾರೆ, ನಮ್ಮ ಅಜ್ಜ ಹೇಳ್ತಿದ್ದ. ಗಟ್ಟಿ ಇರೋವಾಗ ಹೊತ್ತು ಹಾಕಬಹುದು. ಕರಗಿದ್ರೆ ಹೋಯ್ತು. ಓಡಿ.”

ಓಡಿದರು. ಕತ್ತಿ ಕಟ್ಟಿಕೊಂಡವರು, ಕೈಗೂಸಿನ ತಾಯಂದಿರು, ಕೋಲೂರುವವರು, ಎಲ್ಲ ಓಡಿದರು. ತನ್ಹೂಮನೂ ಕೋಣೆಗೆ ನುಗ್ಗಿ, ಮಾರದೆ ಉಳಿದಿದ್ದ ತನ್ನ ಬಳಿದ ಬುಟ್ಟಿ ತಂದು ತುಂಬಿಸಿಕೊಂಡು ಬಂದ. ಇಡೀ ಕೋಟೆಯಲ್ಲಿ ಅದಕ್ಕಿಂತ ಒಳ್ಳೆಯ ಬುಟ್ಟಿ ಇರಲಿಲ್ಲ. ಹಿಲ್ಕೀಯ ಕೊಳದ ಬಾಯಲ್ಲಿ ಕೋಲು ಅಡ್ಡ ಹಿಡಿದ.

“ಸೋರುತ್ತಾ ಇದು?”

“ನನ್ನ ಬುಟ್ಟಿ ಸೋರೋದಾ ಗುರುಗಳೇ?”

“ಹಾಗಾದ್ರೆ ಆಚೆ ಚೆಲ್ಲು. ಕರಗಿದ್ದು ಒಳಗೇ ನಿಲ್ಲುತ್ತೆ, ಕೊಡದ ನೀರಾಗುತ್ತೆ. ಸೋರೋದು ತಗೊಂಡು ಬಾ.”

ಇಡೀ ಜನ್ಮ ಸೋರದ ಹಾಗೆ ಮಾಡಿ ಬದುಕಿದವನು ಕ್ಷಣಕಾಲ ಪೆಚ್ಚಾಗಿ ನಿಂತ. ಆಮೇಲೆ ಹೊದ್ದಿದ್ದ ಹರಕು ಉಣ್ಣೆಯ ಮೇಲುವಸ್ತ್ರ ಬಿಚ್ಚಿ ನೆಲಕ್ಕೆ ಹಾಸಿ, ಎರಡೂ ಕೈಯಲ್ಲಿ ಬಾಚಿ ತುಂಬಿ, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಓಡಿದ. ಸುತ್ತ ನೂರಾರು ಜನ ಹಾಗೆಯೇ ಓಡುತ್ತಿದ್ದರು, ಪ್ರತಿಯೊಬ್ಬರ ಹಿಂದೆಯೂ ಒದ್ದೆಯ ಒಂದು ಗೆರೆ. ಯಾಕೀಮ ಒಂದು ಸಲಕ್ಕೆ ಇಬ್ಬರ ಹೊರೆ ತಂದ. ಕೈ ಮರಗಟ್ಟಿ ಬೆರಳು ಯಾವುದು ಆಲಿಕಲ್ಲು ಯಾವುದು ತಿಳಿಯದಾದಾಗಲೂ ತನ್ಹೂಮ ಬಾಚುತ್ತಲೇ ಇದ್ದ. ಏಳು ಸಲವೋ ಎಂಟು ಸಲವೋ ಹೋಗಿ ಬಂದ. ಲೆಕ್ಕ ತಪ್ಪಿತು. ಅವನಿಗೆ ಲೆಕ್ಕ ತಪ್ಪಿದ್ದು ಅದೇ ಮೊದಲು.

ಬಿಸಿಲು ಬಂತು. ಬೆಟ್ಟದ ನೆತ್ತಿ ಮತ್ತೆ ಕಂದು ಬಣ್ಣಕ್ಕೆ ತಿರುಗಿತು. ಕೊಳದೊಳಗಿನ ಬಿಳಿ ಗುಡ್ಡೆ ಕುಸಿಯುತ್ತ, ಕರಗುತ್ತ ನೀರಾಗುವುದನ್ನು ಜನ ಸುತ್ತ ನಿಂತು ನೋಡಿದರು. ಹಿಲ್ಕೀಯ ಕೋಲು ಇಳಿಸಿದ. ಎತ್ತಿದ. ಗುರುತಿನ ಮೇಲೆ ಒಂದು ಬೆರಳು ಒದ್ದೆ.

“ನಲವತ್ತು ಕೊಳಗ” ಅಂದ. “ಮೇಲಷ್ಟು.”

ತಾಬಿತಜ್ಜಿ ಶಪ್ಪೀರಾಳನ್ನು ಕರೆದುಕೊಂಡು ಒಳಗೆ ಹೋದಳು. ಗಂಡಸರು ಹೊರಗೆ ಮುಖ ತಿರುಗಿಸಿ ನಿಂತರು. ನೀರು ಕದಡಿದ ಸದ್ದು, ಚಳಿಗೆ ಹುಡುಗಿ ಹೀರಿದ ಉಸಿರು, ಆಮೇಲೆ ಪೂರ್ತಿ ಮುಳುಗಿದಾಗಿನ ಆ ನಿಶ್ಶಬ್ದ. “ಶುದ್ಧ” ಎಂದಳು ಮುದುಕಿ. ಮತ್ತೆ ನೀರು, ಮತ್ತೆ ನಿಶ್ಶಬ್ದ. “ಶುದ್ಧ.” ಮೂರನೆಯ ಸಲ “ಶುದ್ಧ” ಎನ್ನುವಾಗ ಅವಳ ಹರಿತವಾದ ನಾಲಿಗೆಯೂ ನಡುಗಿತ್ತು. ತನ್ಹೂಮ ಒದ್ದೆ ಉಣ್ಣೆಯನ್ನು ಮುಖಕ್ಕೆ ಒತ್ತಿಕೊಂಡ.

ಮದುವೆ ಅದೇ ಮಧ್ಯಾಹ್ನ. ಕನ್ಯೆಯ ಮದುವೆ ವಾರದ ನಾಲ್ಕನೇ ದಿನವೇ ಆಗಬೇಕೆಂಬ ವಾಡಿಕೆಯ ಮಾತನ್ನು ಯಾರೂ ಎತ್ತಲಿಲ್ಲ. ಪಡುವಣ ಗೋಡೆಯ ಹತ್ತಿರವೇ ವಸ್ತ್ರದ ಚಪ್ಪರ ಹಿಡಿದರು, ಯಾಕೆಂದರೆ ಗಂಡಸರು ಗೋಡೆ ಬಿಟ್ಟು ಬರುವಂತಿರಲಿಲ್ಲ. ಕೆಳಗೆ ಏರಿನ ಕೆಲಸ ಮತ್ತೆ ಶುರುವಾಗಿತ್ತು. ಅಲ್ಲಿ ಮಣ್ಣು ಹೊರುತ್ತಿದ್ದವರು ರೋಮಿನವರಲ್ಲ. ಜೆರುಸಲೇಮಿನಲ್ಲಿ ಸೆರೆ ಹಿಡಿದು ತಂದ ಕೋಟೆಯವರ ಕುಲದವರೇ, ಸಂಕೋಲೆ ಹಾಕಿದವರು. ಅದಕ್ಕೇ ಯಾಕೀಮ ಕೆತ್ತಿದ ಕಲ್ಲುಗಳಲ್ಲಿ ಮುಕ್ಕಾಲು ಪಾಲು ಉರುಳದೆ ಉಳಿದಿದ್ದವು.

ಹಿಲ್ಕೀಯ ದ್ರಾಕ್ಷಾರಸದ ಬಟ್ಟಲು ಎತ್ತಿ, ಗಂಡುಹೆಣ್ಣಿಗೆ ಆನಂದ ಕೊಟ್ಟವನನ್ನು ಹರಸುವ ಮಾತು ಹೇಳಿದ. ಮುದುಕನ ದನಿ ಸಣ್ಣದು, ಆದರೆ ಆ ಕಣಿವೆಯಲ್ಲಿ ಸಣ್ಣ ದನಿಯೂ ದೂರ ಹೋಗುತ್ತದೆ. ಕೋಟೆಯವರೆಲ್ಲ “ಆಮೆನ್” ಎಂದರು.

ಅವರು ನಿಲ್ಲಿಸಿದ ಮೇಲೆ ಕೆಳಗಿನಿಂದ ಇನ್ನೊಂದು “ಆಮೆನ್” ಬಂತು.

ತನ್ಹೂಮ ಗೋಡೆಯಂಚಿಗೆ ಹೋಗಿ ಬಗ್ಗಿದ. ಏರಿನ ನಡುವೆ, ಮಣ್ಣಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತೇ ಒಬ್ಬ ಮನುಷ್ಯ ಮೇಲಕ್ಕೆ ಮುಖ ಮಾಡಿ ನಿಂತಿದ್ದ. ಕಾವಲುಗಾರನ ಕೋಲು ಅವನ ಬೆನ್ನಿಗೆ ಬಿತ್ತು. ಅವನು ಬಗ್ಗಿದ, ಬುಟ್ಟಿ ಬೀಳಿಸಲಿಲ್ಲ, ಮತ್ತೆ ನೆಟ್ಟಗಾದ. ಹಿಲ್ಕೀಯ ಬಟ್ಟಲು ಹಿಡಿದು ಕಾಯುತ್ತಿದ್ದ.

“ಮುಂದಿಂದು ಹೇಳಿ ಗುರುಗಳೇ” ಅಂದ ತನ್ಹೂಮ, ಹಿಂದಿರುಗಿ ನೋಡದೆ. “ಸ್ವಲ್ಪ ಜೋರಾಗಿ.”

ಹಿಲ್ಕೀಯ ಹೇಳಿದ. ಈ ಸಲ ಮೇಲಿನವರೂ ಕೆಳಗಿನವರೂ ಒಟ್ಟಿಗೇ ಅಂದರು. ಏರಿನ ಬುಡದಿಂದ ತುದಿಯವರೆಗೆ, ಬುಟ್ಟಿ ಹೊತ್ತ ಸಾಲು ಪೂರ್ತಿ ನಿಂತುಬಿಟ್ಟಿತ್ತು.